ಯಕ್ಷಗಾನ ಓಡುತ್ತದೆ, ಪಾಸ್‌ಬುಕ್ ತೆರೆಯುವುದಿಲ್ಲ

ಜುಲೈ ತಿಂಗಳು. ಮಳೆ ಅಂದರೆ ಮಳೆ. ಸೆಂಟ್ರಲ್ ಲೈನಿನ ಲೋಕಲ್‌ಗಳೆಲ್ಲ ಲೇಟು. ಠಾಣೆಯಿಂದ ಡೊಂಬಿವಲಿವರೆಗೆ ಹೆಚ್ಚುಕಮ್ಮಿ ಒಂದೇ ಕಾಲಿನಲ್ಲಿ ನಿಂತು ಬಂದು, ಫಡಕೆ ರೋಡಿನ ನೀರು ದಾಟಿ, ಒದ್ದೆ ಕೊಡೆ ಬಾಗಿಲಿಗೆ ನೇತುಹಾಕಿ ಒಳಗೆ ಕಾಲಿಟ್ಟರೆ ಅಪ್ಪಯ್ಯ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತಿದ್ದರು.

"ಮಾಣಿ, ಬ್ಯಾಂಕು ಬರ್ತಾ ಇಲ್ಲ."

ನನ್ನ ಅಪ್ಪಯ್ಯನ ಬಗ್ಗೆ ಎರಡು ಮಾತು ಹೇಳಬೇಕು. ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗ ಮುಂಬಯಿಗೆ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಒಂದು ಮಿಲ್ಲಿನ ಆಫೀಸಿನಲ್ಲಿ ಲೆಕ್ಕ ಬರೆದವರು. ಈಗ ಎಪ್ಪತ್ತೆಂಟು. ಲೆಕ್ಕದ ಚಟ ಬಿಟ್ಟಿಲ್ಲ. ಊರಿನ ಒಂದು ಸಣ್ಣ ಬ್ಯಾಂಕಿನಲ್ಲಿ ಇಟ್ಟ ದುಡ್ಡಿಗೆ ಬಡ್ಡಿ ಬಿತ್ತಾ ಇಲ್ಲವಾ ಎಂದು ದಿನಕ್ಕೊಮ್ಮೆ ನೋಡದಿದ್ದರೆ ಊಟ ಸೇರುವುದಿಲ್ಲ. ಅದರ ಜೊತೆಗೆ ಒಂದು ಕನ್ನಡ ಇ-ಪೇಪರು, ಊರಿನ ದೇವಸ್ಥಾನದ ಸೇವಾ ಬುಕ್ಕಿಂಗು, ಮತ್ತೆ ಯೂಟ್ಯೂಬಿನಲ್ಲಿ ಯಕ್ಷಗಾನ. ಇಷ್ಟೇ ಅವರ ಇಂಟರ್ನೆಟ್ಟು.

ಇದರಲ್ಲಿ ಯಕ್ಷಗಾನ ಸೊಗಸಾಗಿ ಓಡುತ್ತಿತ್ತು. ಚಂಡೆ ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ. ಉಳಿದ ಮೂರೂ ಬರುತ್ತಿರಲಿಲ್ಲ. ಮೇಲೆ ಟ್ಯಾಬಿನಲ್ಲಿ ಚಕ್ರ ತಿರುಗುತ್ತದೆ, ತಿರುಗುತ್ತದೆ, ಒಂದು ನಿಮಿಷ ಆದಮೇಲೆ ಬ್ರೌಸರು ಕೈಚೆಲ್ಲುತ್ತದೆ. ಇಡೀ ರಾತ್ರಿಯ ಆಟ ಬರುವ ತಂತಿಯಲ್ಲಿ ಒಂದು ಪುಟದ ಪಾಸ್‌ಬುಕ್ ಬರುವುದಿಲ್ಲ ಅಂದರೆ ಏನರ್ಥ?

ನಾನು ಕಂಪ್ಯೂಟರ್ ಓದಿದವನಲ್ಲ. ಆದರೆ ಆಫೀಸಿನಲ್ಲಿ ಪ್ರಿಂಟರ್ ಕೆಟ್ಟರೆ ಎಲ್ಲರೂ ನನ್ನನ್ನೇ ಕರೆಯುತ್ತಾರೆ, ಹಾಗಾಗಿ ನನಗೆ ಸ್ವಲ್ಪ ಕೊಬ್ಬು ಇತ್ತು. ಮೊದಲು ನನ್ನ ಮೊಬೈಲಿನಲ್ಲಿ ಬ್ಯಾಂಕಿನ ಸೈಟು ತೆಗೆದೆ. ಪಟ್ ಅಂತ ಬಂತು. "ನೋಡಿ ಅಪ್ಪಯ್ಯ, ಬ್ಯಾಂಕು ಸರಿ ಇದೆ, ನೆಟ್ಟೂ ಸರಿ ಇದೆ. ನಿಮ್ಮ ಕಂಪ್ಯೂಟರಿಗೇ ಏನೋ ಆಗಿದೆ" ಎಂದೆ. ಈ ಮಾತು ನೆನಪಿಟ್ಟುಕೊಳ್ಳಿ. ಇದೇ ತಪ್ಪು. ಇದರಿಂದಾಗಿಯೇ ನಾಲ್ಕು ರಾತ್ರಿ ಹಾಳಾಯಿತು.

ಮೊದಲ ರಾತ್ರಿ ಡಿಎನ್‌ಎಸ್ ಹಿಂದೆ ಬಿದ್ದೆ. ಎಲ್ಲರೂ ಮೊದಲು ಬೀಳುವುದು ಅಲ್ಲೇ. ಸೈಟಿನ ಹೆಸರು ಕೊಟ್ಟರೆ ಅದರ ನಂಬರು ಹುಡುಕಿಕೊಡುವ ವ್ಯವಸ್ಥೆ ಅದು. ಅದು ಕೈಕೊಟ್ಟಾಗ ಕೆಲವು ಸೈಟು ಬಂದು ಕೆಲವು ಬಾರದೆ ಇರುವುದು ನಿಜವಾಗಲೂ ಉಂಟು. ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಕಿಟಕಿ ತೆಗೆದು ಎನ್‌ಎಸ್‌ಲುಕಪ್ ಎಂದು ಹೊಡೆದು ಬ್ಯಾಂಕಿನ ಹೆಸರು ಕೊಟ್ಟೆ. ನಂಬರು ಕೂಡಲೇ ಬಂತು. ಅಲ್ಲಿಗೆ ಡಿಎನ್‌ಎಸ್ ಮೇಲಿನ ಅನುಮಾನ ಬಿಡಬೇಕಿತ್ತು. ಬಿಡಲಿಲ್ಲ. ಐಪಿಕಾನ್ಫಿಗ್ ಫ್ಲಶ್‌ಡಿಎನ್‌ಎಸ್ ಮಾಡಿ ಹಳೆಯ ನೆನಪು ಅಳಿಸಿದೆ, ಡಿಎನ್‌ಎಸ್ ಬದಲಿಸಿ ಗೂಗಲ್ಲಿನ 8.8.8.8 ಹಾಕಿದೆ, ಅದನ್ನು ತೆಗೆದು ಕ್ಲೌಡ್‌ಫ್ಲೇರಿನ 1.1.1.1 ಹಾಕಿದೆ. ದೇವರಿಗೆ ಹರಕೆ ಹೊತ್ತ ಹಾಗೆ ಒಂದರ ಮೇಲೊಂದು ನಂಬರು. ಏನೂ ಆಗಲಿಲ್ಲ.

ಆಮೇಲೆ ಹೋಸ್ಟ್ಸ್ ಫೈಲು. ವಿಂಡೋಸ್ ಫೋಲ್ಡರಿನ ಒಳಗೆ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಈಟಿಸಿ. ಅಲ್ಲಿ ಒಂದು ಸಣ್ಣ ಫೈಲು ಇರುತ್ತದೆ. ಇದರ ಹಿಂದೆ ಒಂದು ಚಂದದ ಕತೆ ಇದೆ. ಡಿಎನ್‌ಎಸ್ ಬರುವ ಮೊದಲು ಅರ್ಪಾನೆಟ್ ಎಂಬ ಅಂದಿನ ನೆಟ್‌ವರ್ಕಿನಲ್ಲಿದ್ದ ಕಂಪ್ಯೂಟರುಗಳ ಹೆಸರು, ನಂಬರು ಎಲ್ಲ ಇಂಥದೇ ಒಂದು ಫೈಲಿನಲ್ಲಿತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರು ಸೇರಿದರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಗೆ ಸೇರಿಸುತ್ತಾರೆ, ಉಳಿದವರು ಅದನ್ನು ಇಳಿಸಿಕೊಳ್ಳುತ್ತಾರೆ. ಪಟ್ಟಿ ಕೈಮೀರಿ ಬೆಳೆದಾಗ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಆದರೂ ಆ ಹಳೆಯ ಪಟ್ಟಿಯ ಒಂದು ಚೂರು ಇವತ್ತಿಗೂ ನಿಮ್ಮ ನಮ್ಮ ಕಂಪ್ಯೂಟರಿನಲ್ಲಿ ಕೂತಿದೆ. ವೈರಸ್ಸುಗಳಿಗೆ ಅದೆಂದರೆ ಬಹಳ ಪ್ರೀತಿ. ಅದರಲ್ಲಿ ಬ್ಯಾಂಕಿನ ಹೆಸರಿನ ಮುಂದೆ ಒಂದು ಸುಳ್ಳು ನಂಬರು ಬರೆದರೆ ಸಾಕು, ಕಂಪ್ಯೂಟರು ಡಿಎನ್‌ಎಸ್ ಅನ್ನು ಕೇಳದೇ ಅಲ್ಲಿಗೆ ಹೋಗುತ್ತದೆ. ಅಪ್ಪಯ್ಯನ ಫೈಲಿನಲ್ಲಿ ಮಾತ್ರ ಅಂಥದ್ದೇನೂ ಇರಲಿಲ್ಲ.

ಗಡಿಯಾರವನ್ನೂ ನೋಡಿದೆ. ಹಳೆಯ ಡೆಸ್ಕ್‌ಟಾಪಿನ ಒಳಗೆ ಸಿಆರ್2032 ಅನ್ನುವ ನಾಣ್ಯದಂಥ ಸೆಲ್ ಇರುತ್ತದೆ. ಅದು ಸತ್ತರೆ ಪವರ್ ತೆಗೆದು ಹಾಕಿದಾಗ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ಆಗ ಸೈಟುಗಳ ಸರ್ಟಿಫಿಕೇಟು ಇನ್ನೂ ಶುರುವೇ ಆಗಿಲ್ಲ ಎಂದು ಬ್ರೌಸರು ಗಲಾಟೆ ಮಾಡುತ್ತದೆ. ಆದರೆ ಅದು ಗಲಾಟೆ ಮಾಡುತ್ತದೆ, ಅದೇ ಮುಖ್ಯ. ಇಡೀ ಪುಟದ ಎಚ್ಚರಿಕೆಯೇ ಬರುತ್ತದೆ. ನಮ್ಮದರಲ್ಲಿ ಗಲಾಟೆಯೇ ಇಲ್ಲ. ಸುಮ್ನೆ ಚಕ್ರ. ಹೆಸರು ಸಿಗದಿದ್ದರೆ ಬ್ರೌಸರು ಒಂದು ರೀತಿ ಹೇಳುತ್ತದೆ, ಬಾಗಿಲು ಮುಚ್ಚಿದ್ದರೆ ಇನ್ನೊಂದು ರೀತಿ. ನಾನು ಆ ಸಂದೇಶವನ್ನು ಓದುವುದು ಬಿಟ್ಟು ಸುಮ್ಮನೆ ಮದ್ದು ಮಾಡುತ್ತಿದ್ದೆ.

ಎರಡನೇ ರಾತ್ರಿ ಆಂಟಿವೈರಸ್ ತೆಗೆದೆ, ಪ್ರಾಕ್ಸಿ ಸೆಟ್ಟಿಂಗ್ ನೋಡಿದೆ, ಕ್ರೋಮ್ ಬಿಟ್ಟು ಫೈರ್‌ಫಾಕ್ಸ್ ಹಾಕಿದೆ. ಫೈರ್‌ಫಾಕ್ಸಿನಲ್ಲಿ ಕೆಳಗೆ ಎಡಮೂಲೆಯಲ್ಲಿ ಒಂದು ಸಾಲು ಬಂತು: "ಪರ್ಫಾರ್ಮಿಂಗ್ ಎ ಟಿಎಲ್‌ಎಸ್ ಹ್ಯಾಂಡ್‌ಶೇಕ್". ಸುರಕ್ಷಿತ ಸಂಪರ್ಕಕ್ಕೆ ಮೊದಲು ಸೈಟಿನ ಜೊತೆ ಕೈಕುಲುಕುತ್ತಾ ಇದ್ದೇನೆ ಅಂತ. ಅಲ್ಲಿಯೇ ನಿಂತಿತು. ಕೈ ಚಾಚಿದ್ದಾರೆ, ಬಿಡುತ್ತಿಲ್ಲ. ಈ ಸಾಲಿನಲ್ಲಿ ಅರ್ಧ ಉತ್ತರ ಇತ್ತು ಎಂದು ಆಮೇಲೆ ಗೊತ್ತಾಯಿತು.

ಬೆಳಿಗ್ಗೆ ಕೇಬಲ್ಲಿನವರಿಗೆ ಫೋನು ಮಾಡಿದೆ. ನಮ್ಮ ಬಿಲ್ಡಿಂಗಿಗೆ ನೆಟ್ಟು ಕೊಡುವುದು ದೊಡ್ಡ ಕಂಪನಿಯಲ್ಲ, ಗಲ್ಲಿಯವರೇ ಒಬ್ಬರು. ಅವರ ವಯರು ಟೆರೇಸಿನಿಂದ ಟೆರೇಸಿಗೆ, ನೀರಿನ ಟಾಕಿಯ ಕಾಲಿಗೆ ಸುತ್ತಿಕೊಂಡು, ಪಾರಿವಾಳಗಳಿಗೆ ಕೂರಲು ಜಾಗ ಕೊಟ್ಟುಕೊಂಡು ಬರುತ್ತದೆ. ಹುಡುಗ ಹೇಳಿದ್ದು ಒಂದೇ ಮಾತು: "ಕಾಕಾ, ರೀಸ್ಟಾರ್ಟ್ ಕರೂನ್ ಬಘಾ." ಮಾಡಿ ನೋಡಿದೆ. ಯೂಟ್ಯೂಬ್ ಬರುತ್ತಾ ಎಂದು ಕೇಳಿದ. ಬರುತ್ತದೆ ಎಂದೆ. ಹಾಗಾದರೆ ನೆಟ್ಟು ಚಾಲೂ ಇದೆ, ನಿಮ್ಮ ಕಂಪ್ಯೂಟರಿನ ಪ್ರಾಬ್ಲಮ್ಮು ಎಂದು ಫೋನು ಇಟ್ಟ. ಸಿಟ್ಟು ಬಂತು. ಆದರೆ ನಾನು ಅಪ್ಪಯ್ಯನಿಗೆ ಹೇಳಿದ್ದೂ ಅದನ್ನೇ, ಅಲ್ವಾ?

ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಯವನು ಪೆಟ್ಟಿಗೆ ತೆಗೆಯದೆಯೇ ಫಾರ್ಮ್ಯಾಟ್ ಮಾಡೋಣ ಎಂದ. ಇವರಿಗೆ ಫಾರ್ಮ್ಯಾಟ್ ಅಂದರೆ ನಮ್ಮ ಕಡೆಯ ಕಷಾಯದ ಹಾಗೆ, ಯಾವ ಜ್ವರಕ್ಕೂ ಅದೇ. ಅಮ್ಮ ಇದ್ದಾಗಿನ ಫೋಟೋಗಳೆಲ್ಲ ಅದರಲ್ಲಿವೆ. ಬೇಡ ಎಂದು ಬಂದೆ.

ಮೂರನೇ ರಾತ್ರಿ ಎದುರು ಮನೆಯ ಹುಡುಗ ಬಂದ. ಹನ್ನೊಂದನೇ ಕ್ಲಾಸು. "ಅಂಕಲ್, ವಿಪಿಎನ್ ಹಾಕಿ" ಎಂದವನೇ ತನ್ನ ಲ್ಯಾಪ್‌ಟಾಪನ್ನು ನಮ್ಮ ತಂತಿಗೆ ಸಿಕ್ಕಿಸಿ, ವೈರ್‌ಗಾರ್ಡ್ ಅನ್ನುವ ವಿಪಿಎನ್, ಅಂದರೆ ಬೇರೆಯವರ ಕಂಪ್ಯೂಟರಿನ ಮೂಲಕ ಹೋಗುವ ಸುರಂಗದಂಥದ್ದೇನನ್ನೋ ಚಾಲೂ ಮಾಡಿ, ಇ-ಪೇಪರ್ ತೆಗೆದ. ಬಂತು! ದೇವಸ್ಥಾನವೂ ಬಂತು. ವಿಪಿಎನ್ ಆರಿಸಿದ. ಎರಡೂ ಹೋದವು. ಅಪ್ಪಯ್ಯ ಕೂಡಲೇ ಬ್ಯಾಂಕು ನೋಡೋಣ ಎಂದರು, ನಾನು ಬೇಡ ಎಂದೆ. ಯಾರದೋ ಸುರಂಗದಲ್ಲಿ ಹೋಗಿ ಬ್ಯಾಂಕಿನ ಪಾಸ್‌ವರ್ಡ್ ಒತ್ತುವುದು ನನಗೆ ಸರಿ ಕಾಣುವುದಿಲ್ಲ, ಅದೂ ಪುಕ್ಕಟೆ ವಿಪಿಎನ್ ಆದರೆ ದೂರದಿಂದಲೇ ನಮಸ್ಕಾರ.

ಹುಡುಗನಿಗೆ ಖಾತ್ರಿ: "ಬ್ಲಾಕ್ ಮಾಡಿದ್ದಾರೆ ಅಂಕಲ್." ನನಗೂ ಹೌದು ಅನ್ನಿಸಿತು. ಸರ್ಕಾರ ಐಟಿ ಕಾಯ್ದೆಯ 69ಎ ಕಲಂ ಪ್ರಕಾರ ಸೈಟುಗಳನ್ನು ತಡೆಯುವುದು ಇದೆ. ಆದರೆ ಊರ ದೇವರ ಸೇವಾ ಬುಕ್ಕಿಂಗನ್ನು ಯಾರು ತಡೆಯುತ್ತಾರೆ? ಒಂದು ವಿಷಯ ಮಾತ್ರ ಆಗ ತಲೆಗೆ ಹೋಯಿತು. ಈ ಲ್ಯಾಪ್‌ಟಾಪು ಬೇರೆ, ಅದರಲ್ಲೂ ಸೈಟು ಬರಲಿಲ್ಲ. ಅಂದರೆ ಅಪ್ಪಯ್ಯನ ಕಂಪ್ಯೂಟರಿನ ತಪ್ಪೇ ಅಲ್ಲ.

ಆದರೆ ನನ್ನ ಮೊಬೈಲಿನಲ್ಲಿ ಬಂತಲ್ಲ?

ಪುಣೆಯಲ್ಲಿ ನನ್ನ ಹೆಂಡತಿಯ ತಮ್ಮ ಇದ್ದಾನೆ. ಹಿಂಜವಡಿಯಲ್ಲಿ ನೆಟ್‌ವರ್ಕಿನದೇ ಕೆಲಸ. ಅವನನ್ನು ಕೇಳಲು ನನಗೆ ಇಷ್ಟು ದಿನ ಬಿಗುಮಾನ. ನಾಲ್ಕನೇ ರಾತ್ರಿ ಊಟ ಆದಮೇಲೆ ಹೆಂಡತಿಯೇ ಫೋನು ಹಚ್ಚಿ ಕೈಗೆ ಕೊಟ್ಟಳು. ಕತೆಯೆಲ್ಲ ಕೇಳಿ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಭಾವ, ಮೊಬೈಲಿನಲ್ಲಿ ನೋಡಿದಾಗ ವೈಫೈ ಆನ್ ಇತ್ತಾ?"

ಇರಲಿಲ್ಲ. ಲೋಕಲಿನಲ್ಲಿ ಬರುವಾಗ ಸ್ಟೇಷನ್ನಿನ ವೈಫೈ ಕಾಟ ತಪ್ಪಲಿ ಎಂದು ಆರಿಸುತ್ತೇನೆ, ಮನೆಗೆ ಬಂದು ಹಾಕುವುದು ನೆನಪಾಗುವುದಿಲ್ಲ. ನಾನು ನೋಡಿದ್ದು ಮೊಬೈಲಿನ ಡೇಟಾದಲ್ಲಿ. ವೈಫೈ ಹಾಕಿ ನೋಡಿದೆ. ಬ್ಯಾಂಕು ಬರಲಿಲ್ಲ, ಚಕ್ರ ತಿರುಗಿತು. ನಾಲ್ಕು ದಿನದಿಂದ ನಿರಪರಾಧಿಯನ್ನು ಕಟ್ಟಿಹಾಕಿ ಹೊಡೆದಿದ್ದೆ.

"ಇತ್ತೀಚೆಗೆ ಏನಾದರೂ ಬದಲಾಯಿಸಿದ್ದಾರಾ?"

ಹೌದು, ಸಿಡಿಲಿಗೆ ನೆಟ್ಟಿನ ಹಳೆಯ ಡಬ್ಬಿ, ಅಂದರೆ ರೌಟರು, ಸುಟ್ಟುಹೋಗಿ ಕೇಬಲ್ಲಿನವನು ಹೊಸ ಡಬ್ಬಿ ಹಾಕಿಹೋಗಿದ್ದ. ಯಾವಾಗ? ಸೋಮವಾರ. ಬ್ಯಾಂಕು ನಿಂತದ್ದು? ಸೋಮವಾರ ಸಂಜೆ. ಇದನ್ನು ನಾನು ಯಾಕೆ ಜೋಡಿಸಿ ನೋಡಲಿಲ್ಲ ಎಂದು ಕೇಳಬೇಡಿ. ಯೂಟ್ಯೂಬ್ ಓಡುತ್ತಿತ್ತಲ್ಲ, ಅದಕ್ಕೇ.

ಆಮೇಲೆ ಅವನು ಒಂದು ಪರೀಕ್ಷೆ ಹೇಳಿಕೊಟ್ಟ. ಕಪ್ಪು ಕಿಟಕಿಯಲ್ಲಿ ಪಿಂಗ್, ಸ್ಪೇಸ್, ಮೈನಸ್ ಎಫ್, ಸ್ಪೇಸ್, ಮೈನಸ್ ಎಲ್, ಸ್ಪೇಸ್, 1472, ಆಮೇಲೆ 8.8.8.8. ಪಿಂಗ್ ಎಂದರೆ ಒಂದು ಪ್ಯಾಕೆಟು, ಅಂದರೆ ಮಾಹಿತಿಯ ಗಂಟು, ಕಳಿಸಿ ಉತ್ತರ ಬರುತ್ತದಾ ಎಂದು ನೋಡುವುದು. ಇದರಲ್ಲಿ ಎಫ್ ಎಂದರೆ ಈ ಪ್ಯಾಕೆಟನ್ನು ದಾರಿಯಲ್ಲಿ ತುಂಡು ಮಾಡಬೇಡಿ ಎಂಬ ಷರತ್ತು. ಎಲ್ ಎಂದರೆ ಒಳಗೆ ಎಷ್ಟು ಬೈಟು ತುಂಬಬೇಕು ಅಂತ. ಹೊಡೆದೆ. ಒಂದು ಸಾಲು ಬಂತು: "ಪ್ಯಾಕೆಟ್ ನೀಡ್ಸ್ ಟು ಬಿ ಫ್ರ್ಯಾಗ್ಮೆಂಟೆಡ್ ಬಟ್ ಡಿಎಫ್ ಸೆಟ್". ತುಂಡು ಮಾಡಲೇಬೇಕು, ಆದರೆ ನೀವು ಬೇಡ ಅಂದಿದ್ದೀರಿ. 1400 ಹಾಕಿದೆ, ಹೋಗಿಬಂತು. 1460 ಹೋಗಿಬಂತು. 1470 ಇಲ್ಲ. 1465 ಇಲ್ಲ. 1464, ಬಂತು!

"ಭಾವ, 1464ಕ್ಕೆ 28 ಕೂಡಿಸಿ."

ಪಕ್ಕದಲ್ಲಿ ಕೂತು ಕೇಳುತ್ತಿದ್ದ ಅಪ್ಪಯ್ಯ ನನಗಿಂತ ಮೊದಲೇ 1492 ಎಂದರು.

ಇದರ ಲೆಕ್ಕ ಹೀಗೆ. ಈಥರ್ನೆಟ್ ತಂತಿಯಲ್ಲಿ ಒಂದು ಸಲಕ್ಕೆ ಹೋಗುವ ಪ್ಯಾಕೆಟಿನ ಮಿತಿ ಸಾಮಾನ್ಯವಾಗಿ 1500 ಬೈಟು. ಇದಕ್ಕೆ ಎಂಟಿಯು ಅನ್ನುತ್ತಾರೆ. ಪಿಂಗಿನಲ್ಲಿ ನಾವು ತುಂಬಿದ ಸಾಮಾನಿನ ಮೇಲೆ ವಿಳಾಸ ಬರೆದ ಐಪಿಯ ತಲೆಚೀಟಿ 20 ಬೈಟು, ಪಿಂಗಿನದೇ ತಲೆಚೀಟಿ 8 ಬೈಟು ಇರುತ್ತದೆ. ಹಾಗಾಗಿ ದಾರಿ ಸರಿ ಇದ್ದರೆ 1472 ಹೋಗಬೇಕು. ನಮ್ಮದು 1464ಕ್ಕೆ ನಿಂತಿತು, ಎಂಟು ಕಮ್ಮಿ. ಆ ಎಂಟನ್ನು ತಿಂದದ್ದು ಪಿಪಿಪಿಒಇ. ಯೂಸರ್‌ನೇಮು, ಪಾಸ್‌ವರ್ಡು ಹಾಕಿ ನೆಟ್ಟಿಗೆ ಡಯಲ್ ಮಾಡುವ ಕನೆಕ್ಷನ್ ಇರುತ್ತದಲ್ಲ, ಅದು. 1999ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 2516 ಎಂದು ಬರೆದಿಟ್ಟ ಪದ್ಧತಿ. ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ಟಿನ ಪದ್ಧತಿಗಳನ್ನು ಬರೆದಿಡುವ ದಾಖಲೆ. ಅದು ಪ್ರತಿ ಪ್ಯಾಕೆಟಿಗೂ ತನ್ನ 8 ಬೈಟಿನ ಚೀಟಿ ಅಂಟಿಸುತ್ತದೆ, ಸಾಮಾನಿಗೆ 1492 ಮಾತ್ರ ಉಳಿಯುತ್ತದೆ. ಇದರಲ್ಲಿ ತಪ್ಪೇನಿಲ್ಲ, ಎಷ್ಟೋ ಮನೆಗಳಲ್ಲಿ ಹೀಗೇ ಇರುತ್ತದೆ.

ತಪ್ಪು ಎಲ್ಲಿ ಅಂದರೆ, ಅಪ್ಪಯ್ಯನಿಗೆ ನಾನು ಹೇಳಿದ ಹಾಗೇ ಹೇಳುತ್ತೇನೆ. ನಮ್ಮ ಬಿಲ್ಡಿಂಗಿನ ಮೆಟ್ಟಿಲಿಗೆ ಎರಡನೇ ಮಹಡಿಯವರು ಕಬ್ಬಿಣದ ಗ್ರಿಲ್ಲು ಹಾಕಿಸಿದ್ದಾರೆ, ದಾರಿ ಒಂದು ಗೇಣು ಕಿರಿದಾಗಿದೆ. ಅಂಗಡಿಯವನಿಗೆ ಇದು ಗೊತ್ತಿಲ್ಲ. ದೊಡ್ಡ ಗೋದ್ರೇಜ್ ಕಪಾಟು ಕಳಿಸುತ್ತಾನೆ, ಬಿಡಿ ಬಿಡಿ ಮಾಡಬೇಡಿ ಎಂದು ಬೇರೆ ಬರೆದಿದ್ದಾನೆ. ಕಪಾಟು ಗ್ರಿಲ್ಲಿನ ಹತ್ತಿರ ಬಂದು ವಾಪಸು ಹೋಗುತ್ತದೆ. ವಾಚ್‌ಮನ್ ಅಂಗಡಿಗೆ ಫೋನು ಮಾಡಿ "ಇಷ್ಟು ದೊಡ್ಡದು ಬರೋದಿಲ್ಲ, ಚಿಕ್ಕದು ಕಳಿಸಿ" ಎಂದು ಹೇಳಬೇಕು. ಇಂಟರ್ನೆಟ್ಟಿನಲ್ಲೂ ಇದೇ ನಿಯಮ, 1990ರ ಆರ್‌ಎಫ್‌ಸಿ 1191ರಲ್ಲಿದೆ. ದಾರಿಯ ನಡುವಿನ ಯಂತ್ರ ಐಸಿಎಂಪಿ ಎಂಬ ಸಣ್ಣ ಚೀಟಿ ಕಳಿಸಿ ಸರ್ವರಿಗೆ ತಿಳಿಸುತ್ತದೆ. ಆದರೆ ಕೆಲವು ಸೈಟುಗಳ ಮುಂದೆ ಕೂತ ಫೈರ್‌ವಾಲು, ಸುರಕ್ಷತೆ ಸುರಕ್ಷತೆ ಎಂದುಕೊಂಡು, ಐಸಿಎಂಪಿ ಚೀಟಿಗಳನ್ನೆಲ್ಲ ಹರಿದು ಬಿಸಾಡುತ್ತದೆ. ಅಂಗಡಿಯವನು ಫೋನೇ ಎತ್ತುವುದಿಲ್ಲ. ಅದೇ ಕಪಾಟನ್ನು ಮತ್ತೆ ಕಳಿಸುತ್ತಾನೆ, ಮತ್ತೆ ಕಳಿಸುತ್ತಾನೆ. ಇಲ್ಲಿ ನಾವು ತಿರುಗುವ ಚಕ್ರ ನೋಡುತ್ತಾ ಕೂರುತ್ತೇವೆ. ಇದಕ್ಕೆ ಬ್ಲ್ಯಾಕ್ ಹೋಲ್ ಎಂದೇ ಹೆಸರು. 2000ದಲ್ಲಿ ಬಂದ ಆರ್‌ಎಫ್‌ಸಿ 2923ರಲ್ಲಿ ಈ ಕಾಯಿಲೆಯ ಲಕ್ಷಣವೆಲ್ಲ ಬರೆದಿಟ್ಟಿದ್ದಾರೆ. ಹೊಸದೇನಲ್ಲ.

ಕೈಕುಲುಕುವಲ್ಲೇ ನಿಂತದ್ದಕ್ಕೂ ಇದೇ ಕಾರಣ. ಸಂಪರ್ಕದ ಮೊದಲ ಮಾತುಗಳು ಸಣ್ಣವು, ಗ್ರಿಲ್ಲಿನಲ್ಲಿ ನುಸುಳಿ ಬರುತ್ತವೆ. ಆಮೇಲೆ ಸರ್ವರು ತನ್ನ ಸರ್ಟಿಫಿಕೇಟು ತೋರಿಸಬೇಕು. ಅದು ಸಾಮಾನ್ಯವಾಗಿ ಕೆಲವು ಸಾವಿರ ಬೈಟು, ಹಾಗಾಗಿ ಪ್ಯಾಕೆಟು ಪೂರ್ತಿ ತುಂಬಿ ಹೊರಡುತ್ತದೆ, ಸಿಕ್ಕಿಬೀಳುತ್ತದೆ. ಫೋನು ಎತ್ತುವ ಸರ್ವರುಗಳು ಚಿಕ್ಕ ಪ್ಯಾಕೆಟು ಕಳಿಸುತ್ತವೆ, ಆ ಸೈಟುಗಳೆಲ್ಲ ಸರಿಯಾಗಿ ಬರುತ್ತವೆ.

ಮತ್ತೆ ಯಕ್ಷಗಾನ? ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಕ್ರೋಮಿನಲ್ಲಿ ಯೂಟ್ಯೂಬು ಟಿಸಿಪಿ ಎಂಬ ಹಳೆಯ ದಾರಿಯ ಬದಲು ಕ್ವಿಕ್ ಎಂಬ ಹೊಸ ದಾರಿಯಲ್ಲಿ ಬರುತ್ತದೆ. ಗೂಗಲ್ಲಿನವರೇ ಶುರುಮಾಡಿದ್ದು, 2021ರಲ್ಲಿ ಎಲ್ಲರಿಗೂ ಒಂದೇ ಮಾನಕವಾಯಿತು. ಅದು 1200 ಬೈಟಿನ ದಾರಿ ಇದ್ದರೆ ಸಾಕು ಎಂದುಕೊಂಡು ಹೊರಡುತ್ತದೆ, ಜಾಸ್ತಿ ಹಿಡಿಯುತ್ತದೆ ಎಂದು ಪರೀಕ್ಷೆ ಮಾಡಿ ನೋಡದೆ ದೊಡ್ಡದು ಕಳಿಸುವುದಿಲ್ಲ. ಬೆಳತನಕದ ಆಟವನ್ನು ಸಣ್ಣ ಸಣ್ಣ ಗಂಟು ಕಟ್ಟಿ ತಂದ ಹಾಗೆ. ವಿಪಿಎನ್ ಕೂಡ ಹಾಗೇ, ವೈರ್‌ಗಾರ್ಡಿನ ಒಳಗಿನ ಮಿತಿ ಮಾಮೂಲಿಯಾಗಿ 1420. ಹಾಗಾಗಿ ಸುರಂಗದಲ್ಲಿ ಎಲ್ಲ ಬಂದಿತ್ತು. ಯಾರೂ ಏನನ್ನೂ ಬ್ಲಾಕ್ ಮಾಡಿರಲಿಲ್ಲ.

ಆ ರಾತ್ರಿಯ ಮದ್ದು ಒಂದೇ ಸಾಲು. ಕಪ್ಪು ಕಿಟಕಿಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು, ನೆಟ್‌ಎಸ್‌ಎಚ್ ಇಂಟರ್‌ಫೇಸ್ ಐಪಿವಿ4 ಸೆಟ್ ಸಬ್‌ಇಂಟರ್‌ಫೇಸ್ ಎಂದು ಹೊಡೆದು, ಕನೆಕ್ಷನ್ನಿನ ಹೆಸರು ಕೊಟ್ಟು, ಎಂಟಿಯು=1492, ಸ್ಟೋರ್=ಪರ್ಸಿಸ್ಟೆಂಟ್. ಹೀಗೆ ಮಾಡಿದರೆ ಸಂಪರ್ಕ ಶುರುವಾಗುವಾಗಲೇ ಕಂಪ್ಯೂಟರು "ನನಗೆ ಒಂದು ಸಲಕ್ಕೆ 1452 ಬೈಟಿಗಿಂತ ಜಾಸ್ತಿ ಸಾಮಾನು ಬೇಡ" ಎಂದು ಅಂಗಡಿಯವನಿಗೆ ಹೇಳಿಬಿಡುತ್ತದೆ. 1492ರಲ್ಲಿ ಐಪಿಗೆ 20, ಟಿಸಿಪಿಗೆ 20 ಕಳೆದರೆ 1452. ವಾಚ್‌ಮನ್ ಫೋನು ಮಾಡುವ ಪ್ರಸಂಗವೇ ಬರುವುದಿಲ್ಲ. ಎಂಟರ್ ಒತ್ತಿದೆ, ಬ್ಯಾಂಕಿನ ಸೈಟು ತೆಗೆದೆ, ಬಂತು. ನನ್ನ ಕೂಗಿಗೆ ಮಲಗಿದ್ದ ಮಗಳು ಎದ್ದು ಬಂದಳು.

ಅಪ್ಪಯ್ಯ ಕನ್ನಡಕ ಏರಿಸಿ ಪಾಸ್‌ಬುಕ್ ನೋಡಿದರು. ಬಡ್ಡಿ ಬಿದ್ದಿರಲಿಲ್ಲ. "ಇಷ್ಟಕ್ಕೆ ನಾಲ್ಕು ದಿನವಾ?" ಎಂದು ಮತ್ತೆ ಯಕ್ಷಗಾನ ಹಚ್ಚಿದರು.

ಆದರೆ ಇದು ಆ ಒಂದು ಕಂಪ್ಯೂಟರಿಗೆ ಮಾತ್ರ ಮದ್ದು. ಮೊಬೈಲುಗಳಿಗೆ ಬೇಕಲ್ಲ. ಹೊಸ ಡಬ್ಬಿಯೇ ಆ 1452ರ ಮಾತನ್ನು ಎಲ್ಲರ ಪರವಾಗಿ ಹೇಳಬೇಕು, ಅದಕ್ಕೆ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಅನ್ನುತ್ತಾರೆ. ಹಳೆಯ ಡಬ್ಬಿ ಅದನ್ನು ಸದ್ದಿಲ್ಲದೆ ಮಾಡುತ್ತಿತ್ತು. ಹೊಸದರಲ್ಲಿ ಆ ಟಿಕ್ ಬಿಟ್ಟುಹೋಗಿತ್ತು. ಡಬ್ಬಿಯ ಪಾಸ್‌ವರ್ಡು ಕೇಬಲ್ಲಿನವರ ಹತ್ತಿರ. ಮತ್ತೆ ಫೋನು ಮಾಡಿದೆ. ಈ ಸಲ "ಬ್ಯಾಂಕು ಬರ್ತಿಲ್ಲ" ಎನ್ನಲಿಲ್ಲ. 1472 ಹೋಗಲ್ಲ, 1464 ಹೋಗುತ್ತೆ, ಎಂಎಸ್‌ಎಸ್ 1452 ಮಾಡಿ ಎಂದೆ. ಹುಡುಗ ಒಂದು ಕ್ಷಣ ಸುಮ್ಮನಾಗಿ ದೊಡ್ಡವರಿಗೆ ಫೋನು ಕೊಟ್ಟ. ಅವರಿಗೆ ಕೂಡಲೇ ಅರ್ಥವಾಯಿತು, ನಾಲಿಗೆ ಕಚ್ಚಿಕೊಂಡರು. ಎರಡು ದಿನ ಬಿಟ್ಟು ಹುಡುಗ ಒದ್ದೆ ರೇನ್‌ಕೋಟಿನಲ್ಲಿ ಬಂದು, ಲ್ಯಾಪ್‌ಟಾಪ್ ಸಿಕ್ಕಿಸಿ, ಐದು ನಿಮಿಷದಲ್ಲಿ ಟಿಕ್ ಹಾಕಿದ. ಚಹಾ ಕುಡಿದ. 1452 ಅನ್ನುವ ನಂಬರನ್ನು ಬಿಲ್ ಪುಸ್ತಕದ ಹಿಂದೆ ಬರೆದುಕೊಂಡ.

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ, ಮೂರನೇ ಮಹಡಿಯ ಕಾಕುವಿಗೂ ಇದೇ ತರಹ ಕೆಲವು ಸೈಟು ಬರ್ತಿರಲಿಲ್ಲವಂತೆ, ಅಲ್ಲಿಯೂ ಅದೇ ಹೊಸ ಡಬ್ಬಿ, ಇದನ್ನೇ ಅಲ್ಲೂ ಮಾಡಲಾ ಎಂದು. ಮಾಡು ಮಾರಾಯ ಎಂದೆ. ಆ ಕಾಕು ಹಿಂದಿನ ದಿನವಷ್ಟೇ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ದುಡ್ಡು ಕೊಟ್ಟು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿಕೊಂಡು ಬಂದಿದ್ದರು. ಕಾರಣ ಏನಿತ್ತು ಎಂದು ನಾನು ಇನ್ನೂ ಅವರಿಗೆ ಹೇಳಿಲ್ಲ.